ಹಿತ್ತಲ ಸುಣ್ಣದ ಗುಡ್ಡ

ನನ್ನ ಬಿಳಿ ದುಪಟ್ಟಾದ ಮೇಲೆ ಒಂದು ಹಣ್ಣಿನ ಕಲೆ ಇದೆ. ಅಂಗೈಯಗಲ, ಕೆನ್ನೀಲಿ ಬಣ್ಣ, ಅಂಚಿನಲ್ಲಿ ಸ್ವಲ್ಪ ಕಂದು. ನಿಂಬೆರಸ ಹಿಂಡಿದ್ದೇನೆ, ಉಪ್ಪು ಉಜ್ಜಿದ್ದೇನೆ, ಸರೋಜಿನಿ ನಗರದ ಮಾರುಕಟ್ಟೆಯಲ್ಲಿ ಸಿಗುವ ಎಲ್ಲ ಬಗೆಯ ಪುಡಿಗಳನ್ನೂ ಹಾಕಿ ನೋಡಿದ್ದೇನೆ. ಹೋಗಿಲ್ಲ. ಆ ಮಾರುಕಟ್ಟೆಯ ಬೆನ್ನಿಗೇ ಮನೆ ಮಾಡಿಕೊಂಡಿರುವವಳಿಗೆ ದುಪಟ್ಟಾಕ್ಕೇನು ಬರ, ಬೇರೆಯದು ತೆಗೆದುಕೊಳ್ಳಬಾರದೇ ಎಂದು ನೀವು ಕೇಳಬಹುದು. ತೆಗೆದುಕೊಂಡಿದ್ದೇನೆ. ಆದರೂ ಇದನ್ನು ಎಸೆಯಲಾಗಿಲ್ಲ. ಇದು ಬಿದ್ದ ಸಂಜೆ ನನಗಾದ ಆಘಾತ ಇನ್ನೂ ಪೂರ್ತಿ ಇಳಿದಿಲ್ಲ. ಬೀರು ತೆಗೆದಾಗಲೆಲ್ಲ ಆ ಕಲೆ ಕಾಣುತ್ತದೆ, ನಾನು ಒಂದು ಕ್ಷಣ ಬಾಗಿಲು ಹಿಡಿದು ನಿಲ್ಲುತ್ತೇನೆ.

ನನ್ನ ಉದ್ಯೋಗ ತಪ್ಪು ಹುಡುಕುವುದು. ಶಾಲಾ ಮಕ್ಕಳ ಭೂಗೋಳದ ಪುಸ್ತಕಗಳನ್ನು ಅಚ್ಚುಮಾಡುವ ಒಂದು ಕಚೇರಿಯಲ್ಲಿ ಕೂತು ನದಿಗಳು ಸರಿಯಾದ ದಿಕ್ಕಿಗೆ ಹರಿಯುತ್ತಿವೆಯೇ, ಹತ್ತಿ ತನಗೆ ತಕ್ಕ ಮಣ್ಣಿನಲ್ಲೇ ಬೆಳೆಯುತ್ತಿದೆಯೇ ಎಂದು ನೋಡುತ್ತೇನೆ. ಒಮ್ಮೆ ಐದನೇ ತರಗತಿಯ ನಕ್ಷೆಯಲ್ಲಿ ಮಲಪ್ರಭೆ ಪಶ್ಚಿಮಕ್ಕೆ ಹೊರಟಿದ್ದಳು. ಹಿಡಿದು ಪೂರ್ವಕ್ಕೆ ತಿರುಗಿಸಿದೆ. ಆ ದಿನ ಮನೆಗೆ ಬರುವಾಗ ಬಸ್ಸಿನಲ್ಲಿ ನಿಂತೇ ಬಂದರೂ ಕಾಲು ನೋಯಲಿಲ್ಲ. ಇಷ್ಟು ಹೇಳಿದ್ದು ಯಾಕೆಂದರೆ, ಮುಂದೆ ಬರುವ ಸಂಗತಿ ಇಂಥವಳೊಬ್ಬಳಿಗೆ ಆದದ್ದು ಎಂದು ನಿಮಗೆ ನೆನಪಿರಲಿ.

ದೆಹಲಿಯಲ್ಲಿ ಯಾರೂ ನಿಮ್ಮ ಹೆಸರು ಮೊದಲು ಕೇಳುವುದಿಲ್ಲ. "ಆಪ್ ಕಹಾಂ ಸೇ ಹೋ?" ಎಂದು, ಯಾವ ಊರಿನವರೆಂದು ಕೇಳುತ್ತಾರೆ. ಆಟೋದವನು, ಹಾಲಿನವನು, ಕೆಳಗಿನ ಮನೆಯ ಪಂಜಾಬಿ ಆಂಟಿ, ಎಲ್ಲರೂ. ಸೈನ್ಯದವರ ಮಕ್ಕಳಿಗೆ ಇದಕ್ಕಿಂತ ಕಷ್ಟದ ಪ್ರಶ್ನೆ ಇಲ್ಲ. ಅಪ್ಪ ಸುಬೇದಾರರಾಗಿದ್ದರು. ಕಂಟೋನ್ಮೆಂಟಿನಿಂದ ಕಂಟೋನ್ಮೆಂಟಿಗೆ ನಮ್ಮ ಕಪ್ಪು ಟ್ರಂಕುಗಳು ಹೋಗುತ್ತಿದ್ದವು, ಅವುಗಳ ಹಿಂದೆ ನಾವು. ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಅಪ್ಪನ ಹೆಸರು, ಹುದ್ದೆ, ಹೋಗಬೇಕಾದ ಊರು. ವರ್ಗವಾದಾಗಲೆಲ್ಲ ಹಳೆಯ ಊರಿನ ಮೇಲೆ ಕಪ್ಪು ಬಳಿದು ಹೊಸ ಊರು ಬರೆಯುವುದು. ಊರು ತಲುಪಿದ ಮೇಲೆ ಆ ಟ್ರಂಕುಗಳೇ ನಮ್ಮ ಸೋಫಾ, ನಮ್ಮ ಮಂಚ, ನಾನು ಓದಲು ಕೂರುವ ಮೇಜು. ಬಣ್ಣ ಒಂದರ ಮೇಲೊಂದು ಬಿದ್ದು ಆ ಜಾಗ ದಪ್ಪಗಾಗಿತ್ತು. ಉಗುರಿನಿಂದ ಕೆರೆದರೆ ಜಲಂಧರ್ ಕೆಳಗೆ ಸಾಗರ್ ಸಿಗುತ್ತಿತ್ತು.

ಶಾಲೆಯಲ್ಲಿ ಉಳಿದ ಮಕ್ಕಳು ಊರು ಯಾವುದೆಂದು ಕೇಳಿದರೆ ತಬ್ಬಿಬ್ಬಾಗುತ್ತಿದ್ದರು. ನಾನು ಆಗುತ್ತಿರಲಿಲ್ಲ. ನನಗೆ ಊರಿತ್ತು. ಬೆಳಗಾವಿ ಜಿಲ್ಲೆ. ಅಲ್ಲಿ ಒಂದು ಮನೆಯಿತ್ತು. ಅದನ್ನು ಕೆಡವಿಬಿಟ್ಟಿದ್ದರು, ಆದರೆ ನಾನು ಅದರಲ್ಲಿ ಇದ್ದೆ. ಸಣ್ಣವಳಿದ್ದಾಗಿನ ಆ ಮನೆಯ ಒಂದೊಂದು ಮೂಲೆಯೂ ನನಗೆ ನೆನಪಿತ್ತು. ನೆನಪಿಗೆ ಅವ್ವನ ಹಾಡಿನ ಒತ್ತಾಸೆ ಬೇರೆ. ನನ್ನನ್ನು ಮಲಗಿಸುವಾಗ ಅವ್ವ ಹಾಡುತ್ತಿದ್ದಳು:

ನಮ್ಮ ಮನಿ ಕಿಡಕಿ ನೀಲಿ ಬಣ್ಣ,
ಅಂಗಳದ ಮರದಾಗ ಕರಿ ಕರಿ ಹಣ್ಣ;
ಹಿತ್ತಲಕ ನಿಂತೈತಿ ಬೆಳ್ಳಾನ ಗುಡ್ಡ,
ಅಜ್ಜಗ ಬಂದಂಗ ಹಾಲಿನ ಗಡ್ಡ.

ಇದು ಊರಿನಲ್ಲಿ ಎಲ್ಲರೂ ಹಾಡುವ ಹಳೆಯ ಹಾಡು ಎಂದು ನಾನು ತಿಳಿದಿದ್ದೆ. ಅಪ್ಪನ ವಾರ್ಷಿಕ ರಜೆಗೆ ನಾವು ಹೋಗಿ ಇಳಿಯುತ್ತಿದ್ದದ್ದು ದೊಡ್ಡಪ್ಪನ ಮನೆಯಲ್ಲಿ. ಓಣಿಯೊಳಗೆ ಎರಡು ಕೋಣೆ, ಅಂಗಳವಿಲ್ಲ, ಇದ್ದ ಒಂದು ಕಿಟಕಿಗೆ ಗೋಣಿಚೀಲ. ಇದು ಹಾಡಿನ ಮನೆಯಲ್ಲ ಎಂದು ಗೊತ್ತಾಗಲು ಬುದ್ಧಿ ಬೇಕಿರಲಿಲ್ಲ. "ಆ ಮನಿ ಎಲ್ಲೈತಿ ಅವ್ವಾ? ಕೆಡವಿದ್ರೇನು?" ಎಂದು ಕೇಳಿದ್ದೆ. ಅವ್ವ ರೊಟ್ಟಿ ಬಡಿಯುತ್ತ "ಹೂಂ" ಅಂದಿದ್ದಳು. ನನಗೆ ಅಷ್ಟು ಸಾಕಾಯಿತು. ಕೆಡವಿದ ಮನೆಯನ್ನು ಯಾರೂ ಹೋಗಿ ಪರೀಕ್ಷಿಸಲಾರರು. ಅದು ಅಲ್ಲಿಂದ ಮುಂದೆ ನನ್ನೊಳಗೆ ಕದಲದೆ ನಿಂತಿತು.

ಒಂದೆರಡು ತೊಡಕುಗಳಿದ್ದವು, ಒಪ್ಪುತ್ತೇನೆ. ಕರಿ ಹಣ್ಣು ಎಂದರೆ ನೇರಳೆ ಎಂದುಕೊಂಡಿದ್ದೆ. ಆದರೆ ದೊಡ್ಡವಳಾದ ಮೇಲೆ ತಿಂದ ನೇರಳೆಹಣ್ಣೆಲ್ಲ ಒಗರು, ನಾಲಿಗೆ ಹಿಡಿದುಕೊಳ್ಳುವಂಥದು. ನನ್ನ ನೆನಪಿನ ಹಣ್ಣು ಬೀಜವೇ ಇಲ್ಲದ ಜೇನು. ನಮ್ಮೂರಿನ ನೇರಳೆ ವಿಶೇಷ ತಳಿ ಇರಬೇಕು ಎಂದು ತೀರ್ಮಾನಿಸಿದೆ. ಬಾಗಿಲಲ್ಲಿ ನಿಂತು 'ಹಾ' ಎಂದರೆ ಬಾಯಿಂದ ಹೊಗೆ ಬರುತ್ತಿದ್ದದ್ದೂ ನೆನಪಿತ್ತು. ಆಗೆಲ್ಲ ನಮ್ಮ ಕಡೆ ಚಳಿ ಹೆಚ್ಚಿತ್ತು ಎಂದುಕೊಂಡೆ. ಇನ್ನು ಆ ಬಿಳಿ ಗುಡ್ಡ. ಅದಕ್ಕೆ ನಾನು ಶಾಸ್ತ್ರೀಯ ವಿವರಣೆಯನ್ನೇ ಕಂಡುಕೊಂಡಿದ್ದೆ: ಆ ಸೀಮೆಯಲ್ಲಿ ಸುಣ್ಣದ ಕಲ್ಲು ಹೇರಳ. ಹಾಗಾಗಿ ಅದು ಸುಣ್ಣದ ಗುಡ್ಡ. ಹಬ್ಬ ಬಂದಾಗ ಜನ ಬುಟ್ಟಿ ಹಿಡಿದು ಹೋಗಿ ಅಲ್ಲಿಂದಲೇ ಸುಣ್ಣ ತಂದು ಗೋಡೆಗೆ ಬಳಿಯುತ್ತಿದ್ದರು. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಹೀಗೇ ಇದ್ದಿರಬೇಕು ಎಂದು ನನಗೆ ಅನ್ನಿಸಿತು, ಆಮೇಲೆ ಹೀಗೇ ಇತ್ತು ಎಂದು ನೆನಪಾಯಿತು. ನದಿಯ ದಿಕ್ಕು ತಿದ್ದುವವಳ ಕಥೆ ಇದು.

ಈ ಮನೆಯ ವಿಷಯ ನಾನು ಯಾರಿಗೂ ಹೇಳಿದವಳಲ್ಲ. ಹೇಳಿದ್ದು ಲವೀನಾಳಿಗೆ, ಅದೂ ಕರೆಂಟು ಹೋದದ್ದರಿಂದ.

ಲವೀನಾ ಮಂಗಳೂರಿನವಳು. ಗುಡಗಾಂವಿನ ಒಂದು ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸೊಂದರ ಮಹಡಿ ಕೋಣೆಯಲ್ಲಿ ನನ್ನ ಜೊತೆಗಾರ್ತಿ. ಮಿಸ್ಡ್ ಕಾಲ್ ಕೊಟ್ಟು ಮನೆಯವರೊಂದಿಗೆ ಮಾತು ಮುಗಿಸುತ್ತಿದ್ದ ಆ ಕಾಲದಲ್ಲಿ ಅವಳ ಹತ್ತಿರ ಒಂದು ಗಿಟಾರೂ, ತಾನೇ ಕಟ್ಟಿದ ಕನ್ನಡ ಹಾಡುಗಳೂ ಇದ್ದವು. ಎಲ್ಲದರಲ್ಲೂ ಸಮುದ್ರ. ಅಲೆ ಅಂಗಳಕ್ಕೆ ಬರುತ್ತದೆ, ಬಲೆ ಒಣಗುತ್ತದೆ, ದೋಣಿ ಹಿಂತಿರುಗುವುದಿಲ್ಲ. ಕೇಳಿದ ಹುಡುಗರು ಕಣ್ಣೊರೆಸಿಕೊಳ್ಳುತ್ತಿದ್ದರು.

"ನಿಮ್ಮ ಮನೆ ಸಮುದ್ರಕ್ಕೆ ಅಷ್ಟು ಹತ್ತಿರವಾ?" ಎಂದು ಒಮ್ಮೆ ಕೇಳಿದೆ.

"ಎಂತ ಹತ್ತಿರ ಮಾರಾಯ್ತಿ! ನಮ್ಮ ಮನೆ ಎದುರು ಪೆಟ್ರೋಲ್ ಬಂಕು. ಸಮುದ್ರ ನೋಡ್ಲಿಕ್ಕೆ ಎರಡು ಬಸ್ ಬದಲಾಯಿಸಿ ಹೋಗ್ಬೇಕು."

"ಮತ್ತೆ ಆ ಹಾಡುಗಳು?"

"ಪೆಟ್ರೋಲ್ ಬಂಕಿನ ಮೇಲೆ ಯಾರಾದ್ರೂ ಹಾಡು ಬರೀತಾರಾ? ನೋಡು, ಊರಲ್ಲಿದ್ದಾಗ ನಾನು ವರ್ಷಕ್ಕೆ ಒಮ್ಮೆ ಸಮುದ್ರಕ್ಕೆ ಹೋದವಳಲ್ಲ. ಇಲ್ಲಿಗೆ ಬಂದ ಮೇಲೆ ದಿನಾ ಹೋಗ್ತೇನೆ. ಹಾಡಿಗೆ ಒಂದು ಜಾಗ ಬೇಕು. ಇಲ್ಲದಿದ್ರೆ ಅದು ಸ್ಟ್ಯಾಂಡ್ ಇಲ್ಲದ ಸೈಕಲ್, ಬಿಟ್ಟ ಕೂಡಲೇ ಬೀಳ್ತದೆ."

ನನಗೆ ಆಶ್ಚರ್ಯಕ್ಕಿಂತ ಅಸಮಾಧಾನವೇ ಹೆಚ್ಚಾಯಿತು. ಇಲ್ಲದ್ದನ್ನು ಇದ್ದಂತೆ ಹೇಳಿ ಜನರನ್ನು ಅಳಿಸುವುದು ಯಾವ ನ್ಯಾಯ? ಮನಸ್ಸಿನಲ್ಲೇ ಅವಳ ಹೆಸರಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡೆ.

ಆ ಬೇಸಿಗೆಯ ಒಂದು ಭಾನುವಾರ ಮಧ್ಯಾಹ್ನ ಕರೆಂಟು ಹೋಯಿತು. ಕೂಲರ್ ನಿಂತಿತು. ಇಬ್ಬರೂ ಒದ್ದೆ ಟವೆಲ್ ಕುತ್ತಿಗೆಗೆ ಸುತ್ತಿಕೊಂಡು ನೆಲದ ಮೇಲೆ ಮಲಗಿದೆವು. ಕೆಳಗೆ ಮಾರುಕಟ್ಟೆಯಲ್ಲಿ "ಸೌ ಕಾ ದೋ, ಸೌ ಕಾ ದೋ" ಎಂದು ನೂರಕ್ಕೆ ಎರಡು ಬಟ್ಟೆ ಮಾರುವವರ ಕೂಗು ಕೂಡ ಬಾಡಿತ್ತು. "ಎಂತಾದ್ರೂ ತಂಪಿನದ್ದು ಹೇಳು ಮಾರಾಯ್ತಿ, ಸಾಯ್ತೇನೆ ಈಗ" ಎಂದಳು. ನನಗೆ ಗೊತ್ತಿದ್ದ ತಂಪು ಒಂದೇ. ಆ ಬಿಳಿ ಗುಡ್ಡ, ಹಬ್ಬಕ್ಕೆ ಜನ ಬುಟ್ಟಿಯಲ್ಲಿ ತರುವ ಅದರ ಸುಣ್ಣ, ನೀಲಿ ಕಿಟಕಿ, ಬಾಯಿಂದ ಬರುವ ಹೊಗೆ. ಬಾಗಿಲ ಮುಂದಿನ ಕಲ್ಲಿನ ಮೆಟ್ಟಿಲ ಮೇಲೆ ಬಿದ್ದು ನನ್ನ ಗದ್ದ ಒಡೆದದ್ದು. ಗುರುತನ್ನೂ ತೋರಿಸಿದೆ. ಅವ್ವನ ಹಾಡಿನ ನಾಲ್ಕು ಸಾಲು ಹೇಳಿಯೂಬಿಟ್ಟೆ, ರಾಗವಿಲ್ಲದೆ, ಪಾಠ ಒಪ್ಪಿಸುವವಳಂತೆ.

ಲವೀನಾ ಎದ್ದು ಕೂತಿದ್ದಳು. "ಇದನ್ನು ನನಗೆ ಕೊಡ್ತೀಯಾ?"

ಬೇಡ ಎನ್ನುವುದು ನನಗೆ ಬರುವುದಿಲ್ಲ. "ನನ್ನ ಹೆಸರು ಬರಬಾರದು" ಎಂದೆ. ಕೊಟ್ಟ ಮೇಲೆ ಎರಡು ದಿನ ಅನ್ನ ಸೇರಲಿಲ್ಲ. ಆಮೇಲೆ ಮರೆತೆ, ಅವಳೂ ಮರೆತಿರಬೇಕು ಎಂದುಕೊಂಡೆ.

ಮರುವರ್ಷದ ಯುಗಾದಿಗೆ ಅವ್ವ ದೆಹಲಿಗೆ ಬಂದಳು. ನಿವೃತ್ತಿಯ ನಂತರ ಅಪ್ಪ ಬೆಳಗಾವಿಯ ಅಂಚಿನಲ್ಲಿ ಪುಟ್ಟ ಮನೆ ಕಟ್ಟಿಸಿದ್ದರು. ಗಿಡಕ್ಕೆ ನೀರು ಹಾಕುವವರು ಬೇಕೆಂದು ಅಲ್ಲೇ ಉಳಿದರು. ಅವ್ವ ಬಂದ ಗಳಿಗೆಯಿಂದ ನನ್ನ ಕೋಣೆ ಕಂಟೋನ್ಮೆಂಟಾಯಿತು. ಟವೆಲುಗಳು ಮೂಲೆಗೆ ಮೂಲೆ ಸೇರಿಸಿ ಮಡಿಚಿಕೊಂಡವು. ಮಾರುಕಟ್ಟೆಯಲ್ಲಿ ಅವಳು "ಭಯ್ಯಾ, ಫೌಜಿ ಕೀ ಬೀವಿ ಕೋ ಠಗೋಗೇ?" ಎಂದು, ಸೈನಿಕನ ಹೆಂಡತಿಗೇ ಟೋಪಿ ಹಾಕುತ್ತೀಯಾ ಎಂದು ಕೇಳಿದರೆ ಅಂಗಡಿಯವರು ನಕ್ಕು ಬೆಲೆ ಇಳಿಸುತ್ತಿದ್ದರು.

ಹಬ್ಬದ ಮರುದಿನದ ಭಾನುವಾರ ದೆಹಲಿಯ ಕನ್ನಡಿಗರ ಯುಗಾದಿ ಕೂಟ. ಸಭಾಂಗಣದ ತುಂಬ ರೇಷ್ಮೆ ಸೀರೆ, ಬೇವುಬೆಲ್ಲ. ಲವೀನಾ ಹಾಡುತ್ತಾಳೆ ಎಂದು ಗೊತ್ತಿತ್ತು. ಏನು ಹಾಡುತ್ತಾಳೆ ಎಂದು ಗೊತ್ತಿರಲಿಲ್ಲ. ನಿರೂಪಣೆ ಮಾಡುತ್ತಿದ್ದ ಹುಡುಗಿ ಇಲ್ಲೇ ಹುಟ್ಟಿ ಬೆಳೆದವಳು. "ಅಬ್ ಲವೀನಾ ಅಕ್ಕ ಅವರು ತಮ್ಮ ಊರಿನ ಮನೆ ಬಗ್ಗೆ ಒಂದು, ಕ್ಯಾ ಕೆಹತೇ ಹೈಂ, ಸ್ವಂತ ರಚನೆ ಹಾಡ್ತಾರೆ. ಇದರಲ್ಲಿ ಬೆಳಗಾವಿ ಕಡೆಯ ಜನಪದ ಲೈನ್ಸ್ ಕೂಡ ಇದೆ" ಎಂದಳು.

ಜನಪದ ಎಂದಾಗಲೇ ಅವು ಯಾವ ಸಾಲುಗಳೆಂದು ನನಗೆ ಗೊತ್ತಾಯಿತು.

ಗಿಟಾರಿನ ಎರಡು ಮಿಡಿತ. ಆಮೇಲೆ ಧ್ವನಿವರ್ಧಕದಲ್ಲಿ, ಸಭಾಂಗಣದ ನಾಲ್ಕೂ ಗೋಡೆಗಳಿಂದ: ನಮ್ಮ ಮನಿ ಕಿಡಕಿ ನೀಲಿ ಬಣ್ಣ...

ಬಚ್ಚಲಿನಲ್ಲಿದ್ದಾಗ ಯಾರೋ ಬಾಗಿಲು ತೆಗೆದಂತಾಯಿತು. ನನ್ನ ಮೆಟ್ಟಿಲು, ನನ್ನ ಗದ್ದ, ನನ್ನ ಬಾಯಿಂದ ಬಂದ ಹೊಗೆ ಎಲ್ಲವೂ ಅಪರಿಚಿತರ ಕಿವಿಗಳಿಗೆ ಹೋಗುತ್ತಿದ್ದವು. ಲವೀನಾ ಕಣ್ಣು ಮುಚ್ಚಿಕೊಂಡು 'ನಾನು' 'ನಾನು' ಎಂದು ಹಾಡುತ್ತಿದ್ದಳು. ಅವ್ವನ ಸಾಲುಗಳಾದ ಮೇಲೆ ಅವಳದೇ ಸಾಲುಗಳು:

ಸುಣ್ಣದ ಗುಡ್ಡವ ಗೀರಿ ತಂದೆವು,
ಹಬ್ಬಕೆ ಗೋಡೆಯ ಬೆಳಗಿಸಿದೆವು;
ಗೋಡೆಯೂ ಇಲ್ಲ, ಹಬ್ಬವೂ ಹೋಯಿತು,
ಬೆರಳಲಿ ಮಾತ್ರ ಬಿಳುಪುಳಿಯಿತು.

ನನ್ನ ಎಡಗಡೆ ಕೂತಿದ್ದ ಮಂಡ್ಯದ ಹಿರಿಯರು ಕರವಸ್ತ್ರ ತೆಗೆದರು. "ನಮ್ಮ ತಾತನ ಮನೆನೇ ಕಣಮ್ಮ ಇದು. ನೀಲಿ ಕಿಟಕಿ! ಅದೇ ಕಿಟಕಿ!" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಅದು ನನ್ನ ಕಿಟಕಿ, ಕೈ ತೆಗೆಯಿರಿ ಎಂದು ಕೂಗಬೇಕೆನಿಸಿತು. ಇಂಥ ಸಿಟ್ಟು ನನಗೆ ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ಬಲಗಡೆ ಅವ್ವ. ಅವಳ ಮುಖ ನೋಡಲು ಧೈರ್ಯವಿರಲಿಲ್ಲ. ಮನೆಯ ಗುಟ್ಟನ್ನು ಬೀದಿಗಿಟ್ಟೆ ಎಂದು ನೊಂದಿರುತ್ತಾಳೆ. ಅಷ್ಟರಲ್ಲಿ ಅವಳೇ ನನ್ನ ಮಣಿಕಟ್ಟು ಹಿಡಿದಳು, ಬಳೆ ಒತ್ತುವಷ್ಟು ಬಿಗಿಯಾಗಿ.

"ಸವೀ, ನನ್ನ ಹಾಡು ಆಕಿ ಬಾಯಾಗ ಹೆಂಗ ಬಂತು?"

"ನಾನs ಹೇಳಿದ್ನಿ ಅವ್ವಾ. ತಪ್ಪಾತು. ಆದ್ರ ಅದು ಊರ ಹಾಡಲ್ಲೇನು? ಎಲ್ಲಾರೂ ಹಾಡತಾರಲ್ಲ?"

"ಯಾ ಊರು? ಅದು ನಾ ಕಟ್ಟಿದ ಹಾಡು."

ಚಪ್ಪಾಳೆ ಶುರುವಾಯಿತು. ಚಪ್ಪಾಳೆಯ ನಡುವೆ ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲವೇನೋ ಎಂದು ಅವ್ವನ ತುಟಿಗಳನ್ನೇ ನೋಡಿದೆ. ಅವ್ವ ಹುಬ್ಬು ಗಂಟಿಕ್ಕಿಕೊಂಡು ಬೇರೇನನ್ನೋ ಯೋಚಿಸುತ್ತಿದ್ದಳು. "ಅದೆಲ್ಲಾ ಇರ್ಲಿ, ಸುಣ್ಣದ ಗುಡ್ಡ ಅಂದಳಲ್ಲ, ಅದು ಯಾವುದು?" ಎಂದಳು.

ಲವೀನಾಳ ಸುತ್ತ ಜನ ಮುತ್ತಿದ್ದರು. ನಾವಿಬ್ಬರೂ ಹೊರಬಂದು ಆಟೋ ಹಿಡಿದೆವು. ದಾರಿಯುದ್ದಕ್ಕೂ, ಅವ್ವನೇ ಹಾಡು ಕಟ್ಟಿದ್ದರೇನಂತೆ, ಮನೆಯಂತೂ ಇತ್ತಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಮಾರುಕಟ್ಟೆಯ ತಿರುವಿನಲ್ಲಿ ಅವ್ವ "ರೋಕೋ ಭಯ್ಯಾ" ಎಂದು ಕೂಗಿ ಇಳಿದೇಬಿಟ್ಟಳು. ಅಲ್ಲೊಂದು ಕೈಗಾಡಿ. ಒದ್ದೆ ಬಟ್ಟೆಯ ಮೇಲೆ ಕಂಬಳಿಹುಳದಷ್ಟು ಉದ್ದದ ಕಪ್ಪು ಹಣ್ಣುಗಳು. ಶಹತೂತ್. ನಮ್ಮಲ್ಲಿ ಹಿಪ್ಪುನೇರಳೆ ಎನ್ನುತ್ತಾರೆ. ರೇಷ್ಮೆಹುಳುವಿಗೆ ಎಲೆ ಹಾಕುವ ಗಿಡವದು. ಉತ್ತರದಲ್ಲಿ ಅದೇ ದೊಡ್ಡ ಮರವಾಗಿ ಹಣ್ಣು ಸುರಿಸುತ್ತದೆ ಎಂದು ನಾನೇ ಒಂದು ಪಾಠದಲ್ಲಿ ಸೇರಿಸಿದ್ದೆ. ತಿಂದು ನೋಡಿರಲಿಲ್ಲ.

ಅವ್ವ ಒಂದು ಹಿಡಿ ಎತ್ತಿ ನನ್ನ ಅಂಗೈಗೆ ಸುರಿದಳು. "ತಿನ್ನು."

ತಿಂದೆ. ಒಗರಿಲ್ಲ, ಬೀಜವಿಲ್ಲ, ಜೇನು. ನಮ್ಮೂರಿನ ವಿಶೇಷ ತಳಿ.

"ಜಲಂಧರದಾಗ ನಮ್ಮ ಕ್ವಾರ್ಟರ್ಸ್ ಮುಂದ ಇದರ ಮರ ಇತ್ತು," ಎಂದಳು ಅವ್ವ, ತಾನೂ ಒಂದು ಬಾಯಿಗೆ ಹಾಕಿಕೊಳ್ಳುತ್ತ. "ನೀ ಮರದ ಬುಡಕ್ಕ ಕುಂತು ಬಿದ್ದದ್ದೆಲ್ಲಾ ತಿಂತಿದ್ದಿ. ಮಣ್ಣು ಸಹಿತ."

"ಅಂದ್ರ... ಊರಾಗಿನ ಮನಿ ಅಂಗಳದಾಗ?"

"ಊರಾಗ ನಮಗ ಅಂಗಳದ ಮನಿ ಎಲ್ಲಿತ್ತವ್ವಾ? ನಿಮ್ಮ ಅಜ್ಜನ ಕಾಲದಾಗಿಂದ ಅವs ಎರಡು ಕೋಣಿ."

"ನೀಲಿ ಕಿಡಕಿ?"

"ಅದು ಸಾಗರ ಕಂಟೋನ್ಮೆಂಟಿಂದು. ನಮಗಿಂತ ಮೊದಲ ಇದ್ದ ಹವಾಲ್ದಾರ ಯಾವುದೋ ಉಳಿದ ಬಣ್ಣ ಬಳಿದಿದ್ದ. ಬಿಟ್ಟು ಬರುವಾಗ ಅದನ್ನೂ ಕೆರೆಸಿ ಬಿಳಿ ಮಾಡಿಸಿದ್ರು."

ಹಣ್ಣು ಹಿಡಿದಿದ್ದ ಕೈ ಎಲ್ಲಿಗೆ ಹೋಗಿತ್ತೋ, ದುಪಟ್ಟಾ ಕೆನ್ನೀಲಿಯಾಗಿತ್ತು. ನಾನು ಗದ್ದ ಮುಟ್ಟಿಕೊಂಡೆ. ಗುರುತು ಅಲ್ಲೇ ಇತ್ತು. ಇದಂತೂ ಸುಳ್ಳಾಗಲಾರದು ಎಂದುಕೊಂಡೆ. ಮಾಂಸದ ಮೇಲೆ ಬರೆದದ್ದು.

"ಮೆಟ್ಟಿಲ ಮ್ಯಾಲೆ ಬಿದ್ದದ್ದು..."

"ಯಾ ಮೆಟ್ಟಿಲು? ಟ್ರಂಕಿನ ಮೂಲಿ ಬಡದದ್ದು ಅದು. ಅಂಬಾಲಾದಾಗ. ಮೂರು ಹೊಲಿಗಿ ಹಾಕಿಸಿದ್ದು ಮಿಲಿಟರಿ ಡಾಕ್ಟರ್ ಕಡೆ. ನಿಮ್ಮಪ್ಪ ನಿನಕಿಂತ ಜೋರ ಅಳತಿದ್ರು."

ಕನ್ನಡಿಯಲ್ಲಿ ದಿನವೂ ಕಾಣುವ ಗುರುತಿಗೆ ಇಷ್ಟು ವರ್ಷ ನಾನು ತಪ್ಪು ವಿಳಾಸ ಕೊಟ್ಟಿದ್ದೆ. ಸುತ್ತ ಮಾರುಕಟ್ಟೆ ಎಂದಿನಂತೆ ಗಿಜಿಗುಡುತ್ತಿತ್ತು. ನನಗೆ ಮಾತ್ರ ಮೆಟ್ಟಿಲು ತಪ್ಪಿ ಕಾಲು ಗಾಳಿಯಲ್ಲಿಟ್ಟಂತಾಗಿತ್ತು. ಉಳಿದದ್ದು ಒಂದೇ. ಕೇಳಲು ಭಯವಾಯಿತು, ಆದರೂ ಕೇಳಿದೆ. "ಬಿಳಿ ಗುಡ್ಡ?"

"ಪಠಾಣಕೋಟದಾಗ ಹಿತ್ತಲ ಬಾಗಲಾ ತೆಗದ್ರ ಕಾಣತಿತ್ತು. ಎಲ್ಲೋ ದೂರ. ಹಿಮಾಲಯ, ಹುಚ್ಚಿ. ಅದು ಬರ್ಫ."

ಹಿಮ! ಭಾರತದ ನಕ್ಷೆಯ ತುದಿಯಲ್ಲಿ ಪ್ರತಿ ಪುಸ್ತಕದಲ್ಲೂ ನಾನು ಕಾಗುಣಿತ ನೋಡಿ ಬಿಡುವ ಪರ್ವತ. ಅದನ್ನು ಹೊತ್ತು ತಂದು ಬೆಳಗಾವಿ ಜಿಲ್ಲೆಯ ಹಿತ್ತಲಿನಲ್ಲಿಟ್ಟು, ಅದು ಸುಣ್ಣ ಎಂದು ನನಗೆ ನಾನೇ ಪಾಠ ಹೇಳಿಕೊಂಡಿದ್ದೆ. ನಗು ಬರಬೇಕಿತ್ತು. ಅಳು ಬಂತು. ಮಾರುಕಟ್ಟೆಯಲ್ಲಿ ನಿಂತು ಅಳುವುದು ನನ್ನ ಸ್ವಭಾವವಲ್ಲವಾದ್ದರಿಂದ ಸರಸರ ಮೆಟ್ಟಿಲು ಹತ್ತಿ ಕೋಣೆ ಸೇರಿದೆ. ಅವ್ವ ಹಣ್ಣಿನ ಪೊಟ್ಟಣ ಹಿಡಿದು ಹಿಂದೆಯೇ ಬಂದಳು.

"ಯಾಕ ಸುಳ್ಳ ಹೇಳಿದಿ?" ಎಂದೆ. ಅವ್ವನಿಗೆ ನಾನು ಹಾಗೆ ಕೇಳಿದ್ದು ಅದೇ ಮೊದಲು. "ಯಾರರ ನಿನ್ನ ಊರು ಯಾವುದು ಅಂದ್ರ ನಾ ಆ ಮನಿ ನೆನಸ್ಕೊಂಡು ಉತ್ತರಾ ಹೇಳತಿದ್ನಿ. ಈಗ ಏನ್ ಹೇಳ್ಲಿ?"

ಅವ್ವ ನೆಲದ ಮೇಲೆ ಕೂತು ತಟ್ಟೆಯಲ್ಲಿ ಹಣ್ಣು ಹರವುತ್ತ ನಿಧಾನವಾಗಿ ಹೇಳಿದಳು.

ಸೈನ್ಯದ ಕ್ವಾರ್ಟರ್ಸ್ ಬಿಟ್ಟುಕೊಡುವ ದಿನಕ್ಕೆ 'ಮಾರ್ಚ್ ಔಟ್' ಎನ್ನುತ್ತಾರೆ. ಒಬ್ಬ ಬಂದು ಬಲ್ಬು, ನಲ್ಲಿ, ಬಾಗಿಲ ಚಿಲಕ ಎಲ್ಲ ಪರೀಕ್ಷಿಸುತ್ತಾನೆ. ಗೋಡೆಗೆ ಹೊಡೆದ ಮೊಳೆ ಕಿತ್ತು ತೂತು ಮುಚ್ಚಿರಬೇಕು. ನೀವು ಅಲ್ಲಿ ಇದ್ದಿರಿ ಎನ್ನುವುದಕ್ಕೆ ಒಂದು ಗೀರೂ ಉಳಿಯಬಾರದು. ಇದು ನನಗೂ ಗೊತ್ತಿತ್ತು. ನನಗೆ ಗೊತ್ತಿರದಿದ್ದದ್ದು ಅವ್ವನ ಪದ್ಧತಿ. ಟ್ರಂಕುಗಳು ಲಾರಿಗೆ ಹೋದ ಮೇಲೆ ಖಾಲಿ ಮನೆಯಲ್ಲಿ ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಹಾಡು ಹೇಳುತ್ತಿದ್ದಳಂತೆ. ಆಗ ಹಾಡಿಗೆ ಒಂದು ಸಾಲು ಹೆಚ್ಚುತ್ತಿತ್ತಂತೆ. ಹೊಸ ಊರಿಗೆ ಹೋದಾಗಲೆಲ್ಲ ಹಾಡು ಬೆಳೆದಿರುತ್ತಿದ್ದದ್ದು ನನಗೂ ನೆನಪಿದೆ. ಅವ್ವನಿಗೆ ಹಳೆಯ ಮನೆ ಇನ್ನಷ್ಟು ನೆನಪಾಯಿತು ಎಂದುಕೊಳ್ಳುತ್ತಿದ್ದೆ.

"ನೀ ಹೊಸಾ ಮನ್ಯಾಗ ಮಲಗತಿದ್ದಿಲ್ಲ, ನಮ್ಮನಿಗೆ ಹೋಗೂಣು ಅಂತ ಅಳತಿದ್ದಿ," ಎಂದಳು ಅವ್ವ. "ಯಾ ಮನಿಗಂತ ಕರಕೊಂಡು ಹೋಗ್ಲಿ? ಮರ ಟ್ರಂಕಿನ್ಯಾಗ ಹಿಡೀತೇತೇನು? ಗುಡ್ಡ ಹಿಡೀತೇತೇನು? ಟ್ರಂಕಿನ್ಯಾಗ ಹಿಡೀಲಾರದ್ದು ಹಾಡಿನ್ಯಾಗ ಇಟ್ನಿ. ನಮ್ಮ ಮನಿ ಅಂದ್ನಿ. ನಮ್ಮೂರಾಗಿನ ಮನಿ ಅಂತ ನಾ ಯಾವತ್ತರ ಅಂದೇನೇನು, ನೆನಸ್ಕೋ."

ನೆನಸಿಕೊಂಡೆ. ಹಾಡಿನಲ್ಲಿ ಊರಿನ ಹೆಸರೇ ಇರಲಿಲ್ಲ. ಅವ್ವ ಅಂದದ್ದು ರೊಟ್ಟಿ ಬಡಿಯುತ್ತ ಒಂದು 'ಹೂಂ' ಮಾತ್ರ. ಊರು ಹಚ್ಚಿದವಳು ನಾನು. ಹಚ್ಚಿ, ಗಟ್ಟಿಯಾಗಿ ಅಂಟಿದೆಯೇ ಎಂದು ಎಳೆದು ನೋಡಿ, ನೆಮ್ಮದಿಯಾಗಿದ್ದವಳೂ ನಾನೇ. ಲವೀನಾಳ ಸಮುದ್ರವನ್ನು ಸುಳ್ಳೆಂದವಳು. ಸುಣ್ಣ, ಬುಟ್ಟಿ, ಹಬ್ಬದ ಕಥೆಯನ್ನೆಲ್ಲ ಅವ್ವನಿಗೆ ಒಪ್ಪಿಸಿದೆ.

ಅಷ್ಟರಲ್ಲಿ ಲವೀನಾಳೇ ಗಿಟಾರು ಹೊತ್ತು ಬಂದಳು, ಮುಖವೆಲ್ಲ ಹೊಳೆಯುತ್ತಿತ್ತು. "ಆಂಟಿ, ಹೇಗಾಯ್ತು ಹಾಡು?"

"ಛಲೋ ಹಾಡಿದಿ ತಂಗಿ. ನನ್ನ ಹಾಡು ನನಕಿಂತ ಛಲೋ ಹಾಡಿದಿ."

ಲವೀನಾ ಚಪ್ಪಲಿ ಬಿಚ್ಚುತ್ತಿದ್ದವಳು ಒಂಟಿಕಾಲಲ್ಲೇ ನಿಂತಳು. ವಿಷಯ ತಿಳಿದ ಮೇಲೆ ಅವಳ ಮುಖದ ಬಣ್ಣವೇ ಹೋಯಿತು. "ಅಯ್ಯೋ ದೇವರೇ! ನಾನು ಸ್ಟೇಜಲ್ಲಿ ಜನಪದ ಅಂತ ಹೇಳಿಸಿದೆನಲ್ಲ ಆಂಟಿ!"

"ನಾ ಜನಪದ ಆದ್ನಿ?" ಅವ್ವ ಬಾಯಿಗೆ ಸೆರಗು ಹಚ್ಚಿ ನಕ್ಕಳು. "ಜನಪದ ಆಗಾಕ ಮೊದಲ ಸಾಯಬೇಕಲ್ಲವಾ?"

ಲವೀನಾ ನಗಲಿಲ್ಲ. ನನ್ನ ಮುಖ, ದುಪಟ್ಟಾದ ಕಲೆ ಎರಡನ್ನೂ ನೋಡಿ ಪಕ್ಕದಲ್ಲಿ ಕೂತಳು. ಅವಳಿಗೆ ಪೆಟ್ರೋಲ್ ಬಂಕು ನೆನಪಾಗಿರಬೇಕು, ನನಗೂ ಆಯಿತು. ಅವಳು ಅದನ್ನು ಎತ್ತಲಿಲ್ಲ. ಅದಕ್ಕಾಗಿ ಅವಳ ಮೇಲಿನ ಪ್ರಶ್ನಾರ್ಥಕ ಚಿಹ್ನೆಯನ್ನು ಆಗಲೇ ಅಳಿಸಿದೆ.

"ತಿದ್ದುತ್ತೇನೆ ಮಾರಾಯ್ತಿ," ಎಂದಳು ಮೆಲ್ಲಗೆ. "ಸುಣ್ಣದ ಗುಡ್ಡ ತೆಗೆದು ಹಿಮದ ಗುಡ್ಡ ಅಂತ ಹಾಕ್ತೇನೆ. ಸರಿ ಆಗ್ತದೆ ಅಲ್ವಾ?"

ತಿದ್ದು ಎನ್ನಲು ಬಾಯಿ ತೆರೆದೆ. ತಪ್ಪು ಕಂಡರೆ ತಿದ್ದುವುದಲ್ಲದೆ ನನಗೆ ಬೇರೆ ಏನು ಬರುತ್ತದೆ?

"ಬ್ಯಾಡ," ಎಂದಳು ಅವ್ವ.

ಇಬ್ಬರೂ ಅವಳ ಕಡೆ ತಿರುಗಿದೆವು. ಅವ್ವ ಹಣ್ಣಿನ ತೊಟ್ಟು ಬಿಡಿಸುತ್ತಿದ್ದಳು, ಬೆರಳೆಲ್ಲ ಕಪ್ಪಾಗಿದ್ದವು.

"ಕಿಡಕಿ ಆ ಹವಾಲ್ದಾರಂದು. ಮರ ಸರಕಾರದ್ದು. ಬರ್ಫ ದೇವರದು. ನಾ ಬರೇ ಒಟ್ಟುಮಾಡಿದಾಕಿ. ಸುಣ್ಣ ಮಾತ್ರ ಎಲ್ಲೀದೂ ಅಲ್ಲ. ಅದು ಇಕಿ, ನಮ್ಮ ಸವಿ, ಹಾಕಿದ್ದು. ಜನಾ ಬುಟ್ಟಿ ಹಿಡಕೊಂಡು ಹೋದ್ರು, ಗೋಡಿಗೆ ಬಳದ್ರು! ನನಗ ಸಹಿತ ಹೊಳೀತಿದ್ದಿಲ್ಲ ಅದು. ಆ ಮನ್ಯಾಗ ನಿಂದು ಅಂತ ಇರೂದು ಅದೊಂದs, ಸವೀ. ಅದನ್ನs ತಗಸ್ತೀಯೇನು?"

ಅಷ್ಟು ಹೊತ್ತಿನ ಆಘಾತಗಳೆಲ್ಲ ಏನೋ ಕಿತ್ತುಕೊಂಡು ಹೋಗುತ್ತಿದ್ದವು. ಇದು ಮಾತ್ರ ಕೈಗೆ ಏನನ್ನೋ ಇಟ್ಟು ಹೋಯಿತು. ಇಟ್ಟದ್ದು ಏನು ಎಂದು ನೋಡಿಕೊಳ್ಳುವುದಕ್ಕೂ ನನಗೆ ಹೆದರಿಕೆಯಾಯಿತು. ಲವೀನಾ ತಟ್ಟೆಗೆ ಕೈಹಾಕಿ ಒಂದು ಹಣ್ಣು ತೆಗೆದು, "ಎಂತ ರುಚಿ ಮಾರಾಯ್ತಿ ಇದು!" ಎಂದಳು. ಹಾಡು ತಿದ್ದುವ ಮಾತು ಅಲ್ಲಿಗೇ ನಿಂತಿತು.

ಲವೀನಾ ಈಗಲೂ ಆ ಹಾಡು ಹಾಡುತ್ತಾಳೆ, ಸುಣ್ಣದ ಸಮೇತ. ಈಗೀಗ ಪೆಟ್ರೋಲ್ ಬಂಕಿನ ಮೇಲೂ ಒಂದು ಬರೆಯುತ್ತಿದ್ದಾಳೆ. ಮೊದಲ ಸಾಲು ಚೆನ್ನಾಗಿದೆ. ನಾನು ನಕ್ಷೆ ತಿದ್ದುತ್ತಲೇ ಇದ್ದೇನೆ. ಬೆಳಗಾವಿ ಜಿಲ್ಲೆಯ ಹಾಳೆ ಬಂದಾಗ ಪೆನ್ಸಿಲು ಹಿಡಿದ ಕೈ ಸ್ವಲ್ಪ ತಡೆಯುತ್ತದೆ. ಗುಡ್ಡ ಬರೆಯುವುದಿಲ್ಲ, ಹೆದರಬೇಡಿ. ಮಕ್ಕಳ ಪುಸ್ತಕ ಅದು.

ಮೊನ್ನೆ ಮಾರ್ಚಿ ಮುಗಿಯುವ ಹೊತ್ತಿಗೆ ಆ ಕೈಗಾಡಿ ಮತ್ತೆ ತಿರುವಿಗೆ ಬಂದು ನಿಂತಿತು. ನಾನು ಹಣ್ಣು ಆರಿಸುವುದನ್ನು ನೋಡಿ ಗಾಡಿಯವನು, "ಮೇಡಂ, ಆಪ್ ಕಹಾಂ ಸೇ ಹೋ? ಆಪ್ ಕೇ ಗಾಂವ್ ಮೇ ಶಹತೂತ್ ಹೋತಾ ಹೈ?" ಎಂದು, ನಿಮ್ಮ ಊರಲ್ಲೂ ಈ ಹಣ್ಣಾಗುತ್ತದೆಯೇ ಎಂದು ಕೇಳಿದ.

"ಹೋತಾ ಹೈ ಭಯ್ಯಾ," ಎಂದೆ. "ಹಮಾರೇ ಆಂಗನ್ ಮೇ."

ಅವನು ಅಚ್ಛಾ ಎಂದು ತಲೆಯಾಡಿಸಿ ಒಂದು ಹಿಡಿ ಹೆಚ್ಚಿಗೆ ಹಾಕಿದ. ನಮ್ಮ ಅಂಗಳದಲ್ಲಿ ಎಂದು ಹೇಳಿದ್ದನ್ನು ನಾನು ತಿದ್ದಲಿಲ್ಲ.